ದೂರದ ರೈಲೂ ಪಯಣಿಗನ ಕೈಗಂಟೂ

ರೈಲಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಇಂಜಿನಿಯರುಗಳು, ಇಲ್ಲವೆ ಲೆಕ್ಕಪತ್ರಗಳನ್ನು ಬಲ್ಲವರು. ಆದುದರಿಂದ ಅದರಲ್ಲಿ ಸೇತುವೆಗಳ ಉದ್ದವುಂಟು, ಸುರಂಗಗಳ ಎಣಿಕೆಯುಂಟು, ಬಂಡವಾಳಕ್ಕೆ ಕೊಟ್ಟ ಬಡ್ಡಿಯ ವಿಚಾರವುಂಟು. ಎರಡು ರಾತ್ರಿ ಮರದ ಹಲಗೆಯ ಮೇಲೆ ಕುಳಿತು ಊರು ಸೇರಿದವನ ಬೆನ್ನಿನ ವಿಚಾರ ಕಾಣುವುದು ಅಪೂರ್ವ. ಈ ಹೊತ್ತು ನಾವು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು ಆ ಬೆನ್ನಿನ ಕಥೆಯನ್ನು. ಅದರೊಡನೆ, ಆ ಬೆನ್ನಿನ ಒಡೆಯನು ಕಂಕುಳಲ್ಲಿ ಇರುಕಿಕೊಂಡು ಬಂದ ಕೈಗಂಟಿನ ಕಥೆಯನ್ನು. ನಮ್ಮ ದೇಶದಲ್ಲಿ ರೈಲಿನವರು ಬಹುಕಾಲ ಒದಗಿಸಿದುದು ಚಲನೆಯೊಂದನ್ನೇ. ನಿದ್ದೆಯನ್ನೂ ನೀರನ್ನೂ ಅನ್ನವನ್ನೂ ಪಯಣಿಗನು ಮನೆಯಿಂದ ಹೊತ್ತು ತರಬೇಕಾಗಿದ್ದಿತು. ಇಂದು ದೂರದೂರಿಗೆ ಹೊರಡುವವರು ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಟ್ಟು ಹೋಗಬಹುದು ಎಂದು ಕೇಳಿದರೆ, ಆ ಗಂಟನ್ನು ಬಿಚ್ಚಿ ನೋಡುವುದೇ ಸರಿಯಾದ ಉತ್ತರವೆಂದು ನಮಗೆ ತೋರುತ್ತದೆ.

ಮೊದಮೊದಲು ಗಂಟಿನ ಅಗತ್ಯವೇ ಇರಲಿಲ್ಲ. 1853ರ ಏಪ್ರಿಲ್ 16ನೆಯ ದಿನ ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟ ಬಂಡಿಯು ಕ್ರಮಿಸಿದ ದೂರ 21 ಮೈಲಿ. ಅಷ್ಟಕ್ಕೆ ಹಾಸಿಗೆ ಯಾತಕ್ಕೆ, ಬುತ್ತಿ ಯಾತಕ್ಕೆ? ಮದರಾಸಿನ ರಾಯಪುರದಿಂದ ವಾಲಾಜಾ ರೋಡಿಗೆ 1856ರಲ್ಲಿ ಬಂಡಿ ಓಡಿತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ ಕಂಬಿ ಬಂದಿತು. 1870ರ ಮಾರ್ಚಿಯಲ್ಲಿ ಜಬ್ಬಲ್ಪುರದ ಬಳಿ ಎರಡು ಕಂಪೆನಿಗಳ ಕಂಬಿಗಳು ಕೂಡಿ ಬೊಂಬಾಯಿಗೂ ಕಲ್ಕತ್ತೆಗೂ ಸಂಬಂಧವಾಯಿತು. ಮರು ವರ್ಷ, ಎಂದರೆ 1871ರಲ್ಲಿ, ಬೊಂಬಾಯಿಯ ಕಡೆಯಿಂದ ಬಂದ ಕಂಬಿಯೂ ಮದರಾಸಿನ ಕಡೆಯಿಂದ ಬಂದ ಕಂಬಿಯೂ ನಮ್ಮ ರಾಯಚೂರಿನಲ್ಲಿ ಸಂಧಿಸಿದುವು. ಅಲ್ಲಿಂದ ಮುಂದೆ ರೈಲೆಂಬುದು ಒಂದು ಹಗಲಿನ ವಿನೋದವಾಗಿ ಉಳಿಯದೆ ರಾತ್ರಿಗಳನ್ನು ಕಳೆಯಬೇಕಾದ ಸ್ಥಳವಾಯಿತು. ಆದರೆ ಗಾಡಿಗಳು ಮಾತ್ರ ಹಗಲಿನ ವಿನೋದಕ್ಕೆ ಮಾಡಿದ ಗಾಡಿಗಳಾಗಿಯೇ ಉಳಿದುವು. ಅದೂ ಕೆಳಗಿನ ದರ್ಜೆಯವರಿಗೆ. 1870ರ ದಶಕದಲ್ಲಿ ಜಿ.ಐ.ಪಿ. ಕಂಪೆನಿಯವರು ಕುಳಿತುಕೊಳ್ಳುವ ಹಲಗೆಯೇ ಇಲ್ಲದ ನಾಲ್ಕನೆಯ ದರ್ಜೆಯೊಂದನ್ನು ಓಡಿಸಿದರು. ಕೆಲವು ವರ್ಷಗಳ ಮೇಲೆ ಅದಕ್ಕೆ ಹಲಗೆ ಹಾಕಿ ಮೂರನೆಯ ದರ್ಜೆಯೆಂದು ಹೆಸರಿಟ್ಟರು. ಹೆಸರು ಏರಿದಷ್ಟು ಸುಖ ಏರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಪಯಣಿಗರಲ್ಲಿ ಬಹುಪಾಲು ಜನ ಈ ದರ್ಜೆಯವರೇ. ರೈಲಿನ ಚೀಲವನ್ನು ತುಂಬುತ್ತಿದ್ದವರು ಇವರು. ಮೆತ್ತೆಯ ಮೇಲೆ ಮಲಗುತ್ತಿದ್ದವರು ಬೇರೆಯವರು.

ಗಂಟನ್ನು ಬಿಚ್ಚುವ ಮೊದಲು ಹೊತ್ತಿನ ವಿಚಾರವಾಗಿ ಒಂದು ಮಾತು. ರೈಲಿಗೆ ಹೋಗುವಾಗ ಎರಡು ಗಂಟೆ ಮುಂಚೆ ಮನೆ ಬಿಡುವ ನಮ್ಮ ಹಿರಿಯರನ್ನು ಕಂಡು ಎಳೆಯರು ನಗುವುದುಂಟು. ಈ ಅಭ್ಯಾಸಕ್ಕೆ ಚರಿತ್ರೆಯಲ್ಲಿ ಆಧಾರವಿದೆ. ಹಿಂದೆ ಒಂದೊಂದು ಊರಿಗೆ ಒಂದೊಂದು ಹೊತ್ತು. ಸೂರ್ಯನು ತಮ್ಮ ನೆತ್ತಿಗೆ ಬಂದಾಗ ತಮಗೆ ಹನ್ನೆರಡು ಗಂಟೆ. ಬಂಡಿಗಳಿಗೆ ಹಾಗೆ ಮಾಡಲಾಗುವುದಿಲ್ಲವಾಗಿ, 1870ರ ಸುಮಾರಿನಿಂದ ರೈಲಿನವರು ದೇಶಕ್ಕೆಲ್ಲ ಮದರಾಸಿನ ಹೊತ್ತನ್ನು ಇಟ್ಟುಕೊಂಡರು. ಅದು ಬೊಂಬಾಯಿಯ ಹೊತ್ತಿಗಿಂತ ಅರ್ಧ ಗಂಟೆ ಮುಂದು, ಕಲ್ಕತ್ತೆಯದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದು. ಮನೆಯ ಗಡಿಯಾರವನ್ನು ನಂಬಿ ಸರಿಯಾದ ಹೊತ್ತಿಗೆ ಹೊರಟ ಬೊಂಬಾಯಿಯವನಿಗೆ ಬಂಡಿಯ ಹೊಗೆ ಮಾತ್ರ ಕಾಣುತ್ತಿದ್ದಿತು. ಕಲ್ಕತ್ತೆಯವನು ನಿಲ್ದಾಣದಲ್ಲಿ ಅರ್ಧ ಗಂಟೆ ಹೆಚ್ಚಾಗಿ ಆಕಳಿಸುತ್ತಿದ್ದನು. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಹೊತ್ತು ಬಂದಿತಾದರೂ ಬೊಂಬಾಯಿಯ ಜನರು 1955ರವರೆಗೂ ತಮ್ಮ ಊರಿನ ಹೊತ್ತನ್ನು ಬಿಟ್ಟುಕೊಡಲಿಲ್ಲ. ಗಡಿಯಾರಗಳ ಜಗಳ ಮುಗಿದರೂ ಮುಂಚಿತವಾಗಿ ಹೋಗುವ ಬುದ್ಧಿ ಉಳಿದಿದೆ, ಅದು ಉಳಿಯಲಿ. ಓಡಿ ಬಂದು ಹತ್ತಿದವನ ಮೊದಲ ನೂರು ಮೈಲಿ ಏದುಸಿರಿನಲ್ಲಿಯೇ ಕಳೆದುಹೋಗುತ್ತದೆ.

ಇನ್ನು ಹಾಸಿಗೆ. ಹಳೆಯ ಪಯಣಿಗನ ಗುರುತೇ ಹಾಸಿಗೆಯ ಸುರುಳಿ. ಹೊರಗೆ ಒಂದು ಜಮಖಾನ, ಒಳಗೆ ತೆಳ್ಳನೆಯ ಹಾಸಿಗೆ, ದಿಂಬು, ಕಂಬಳಿ. ಇವುಗಳ ನಡುವೆ ಒಗೆದ ಪಂಚೆ, ಕೊಡೆ, ಚಪ್ಪಲಿ, ಹಲವು ವೇಳೆ ಮಗಳ ಮನೆಗೆ ಒಯ್ಯುವ ಹಪ್ಪಳದ ಕಟ್ಟು. ಉಳ್ಳವರು ಇದನ್ನು ಕ್ಯಾನ್ವಾಸಿನ ಹೋಲ್ಡಾಲಿನಲ್ಲಿ ತುರುಕಿ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು; ಇಲ್ಲದವರಿಗೆ ಹುರಿಯೇ ಸಾಕು. ನಿಲ್ದಾಣದಲ್ಲಿ ಇದು ಪೀಠ, ಗಾಡಿಯಲ್ಲಿ ಮಂಚ, ಜಾಗಕ್ಕೆ ಹೋರಾಟವಾದಾಗ ಹಕ್ಕುಪತ್ರ. ಕಿಟಕಿಯಿಂದ ಜಮಖಾನವನ್ನು ಒಳಕ್ಕೆ ಎಸೆದವನಿಗೆ ಆ ಹಲಗೆ ಸೇರಿದುದೆಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಆದರೆ ಆ ನ್ಯಾಯವನ್ನು ಮೀರಿದವರನ್ನು ಕಾಣುವುದು ಕಷ್ಟವಾಗಿತ್ತು.

ಈ ಸುರುಳಿಯನ್ನು ಬಿಚ್ಚಲು ಸ್ಥಳವೇ ಇಲ್ಲದಿದ್ದರೆ? 1917ರ ಸೆಪ್ಟೆಂಬರಿನಲ್ಲಿ ಗಾಂಧಿಯವರು ಬೊಂಬಾಯಿಯಿಂದ ಮದರಾಸಿಗೆ ಮೂರನೆಯ ದರ್ಜೆಯಲ್ಲಿ ಹೋದರು. ಕೊಟ್ಟ ಛಾರ್ಜು 13 ರೂಪಾಯಿ 9 ಆಣೆ. ಆ ವಿಚಾರವಾಗಿ ಅವರು ಅದೇ ತಿಂಗಳು ಬರೆದ ಲೇಖನವು ನಮ್ಮ ರೈಲಿನ ಚರಿತ್ರೆಯಲ್ಲಿ ಯಾವ ಸಮಿತಿಯ ವರದಿಗೂ ಕಡಮೆಯಾದುದಲ್ಲ. ಗಾಡಿಯ ಮೇಲೆ 22 ಮಂದಿಗೆಂದು ಬರೆದಿದ್ದಿತು, ಅದೂ ಕುಳಿತುಕೊಳ್ಳುವುದಕ್ಕೆ. ನಿರ್ಭಯವಾಗಿ ಮಲಗತಕ್ಕ ಹಲಗೆಗಳಿರಲಿಲ್ಲ. ದಾರಿಯಲ್ಲಿ ಎರಡು ರಾತ್ರಿಗಳು. ಪುಣೆಯವರೆಗೆ ಹೇಗೋ ಲೆಕ್ಕ ನಿಂತಿತು. ಅದಕ್ಕೆ ಕಾರಣ, ಒಳಗಿದ್ದವರಲ್ಲಿ ಗಟ್ಟಿಗರು ಬಾಗಿಲಲ್ಲಿ ನಿಂತು ಹೊರಗಿನವರನ್ನು ತಡೆದುದು. ರಾಯಚೂರನ್ನು ದಾಟಿದ ಮೇಲೆ ಆ ಗಟ್ಟಿಗರ ಕೈಯೂ ಸೋತಿತು. ಇಡೀ ಪ್ರಯಾಣದಲ್ಲಿ ಒಂದು ಸಲವೂ ಗಾಡಿಯನ್ನು ಗುಡಿಸಲಿಲ್ಲ. ಮೇಲಿನ ದರ್ಜೆಯ ಛಾರ್ಜು ಇದರ ಐದು ಪಟ್ಟಿಗೂ ಹೆಚ್ಚು. ಆದರೆ ಮೂರನೆಯ ದರ್ಜೆಯವನಿಗೆ ಅಲ್ಲಿಯ ಸೌಕರ್ಯದ ಐದನೆಯ ಒಂದು ಪಾಲಾದರೂ ಇದೆಯೇ ಎಂಬುದು ಅವರ ಪ್ರಶ್ನೆ. ವೈಸರಾಯರೂ ಸೇನಾಧಿಪತಿಗಳೂ ರಾಜಮಹಾರಾಜರೂ ಮುಂದಾಗಿ ತಿಳಿಸದೆ ಒಮ್ಮೊಮ್ಮೆ ಈ ದರ್ಜೆಯಲ್ಲಿ ಪ್ರಯಾಣ ಮಾಡಿ ನೋಡಬೇಕೆಂದು ಸೂಚಿಸಿದರು. ಆ ಸೂಚನೆಯನ್ನು ಯಾರಾದರೂ ಮನಸ್ಸಿಗೆ ತಂದುಕೊಂಡಿದ್ದರೆ ಮರದ ಹಲಗೆಗೆ ಅರುವತ್ತು ವರ್ಷಗಳ ಆಯುಸ್ಸು ಹೆಚ್ಚಾಗಿ ದೊರೆಯುತ್ತಿರಲಿಲ್ಲ.

ಅರುವತ್ತು ವರ್ಷವೆಂದುದು ಅಲಂಕಾರಕ್ಕಲ್ಲ. 1950ರ ದಶಕದಲ್ಲಿ ಎಲ್ಲ ದರ್ಜೆಗಳಿಗೂ ವಿದ್ಯುದ್ದೀಪ, ಬೀಸಣಿಗೆಗಳು ಬರತೊಡಗಿದುವು. ಅದಕ್ಕೆ ಬಹು ಹಿಂದೆ ಗಾಡಿಯ ಮಾಡಿನ ಮೇಲೆ ಆಳು ನಡೆದು ಎಣ್ಣೆಯ ದೀಪವನ್ನು ತೂತಿನೊಳಗಿಂದ ಇಳಿಬಿಡುತ್ತಿದ್ದ ಕಾಲವೂ ಇದ್ದಿತು. ಮೂರನೆಯ ದರ್ಜೆಯವರಿಗೆ ಮಲಗುವ ಹಲಗೆಗಳನ್ನು ಗೊತ್ತುಮಾಡಿ ಕೊಡುವ ಏರ್ಪಾಡೂ ಆ ದಶಕದಲ್ಲಿಯೇ ಮೊದಲಾಯಿತು. 1974ರಲ್ಲಿ ಮೂರನೆಯ ದರ್ಜೆಯೆಂಬ ಹೆಸರು ಹೋಯಿತು, ಹಲಗೆ ಹೋಗಲಿಲ್ಲ. 1977ರಲ್ಲಿ ರೈಲ್ವೆ ಮಂತ್ರಿಗಳಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಮಲಗುವ ಹಲಗೆಗಳಿಗೆ ಎರಡು ಅಂಗುಲದ ಮೆತ್ತೆಯನ್ನು ಹಾಕಿಸಲು ತೊಡಗಿದರು. ಅದೇ ವರ್ಷ ಡಿಸೆಂಬರಿನಲ್ಲಿ ಬೊಂಬಾಯಿಯಿಂದ ಹೌರಾಕ್ಕೆ ದರ್ಜೆಗಳ ಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಹೊರಟಿತು. ಎರಡು ಅಂಗುಲವೆಂದರೆ ಅಲ್ಪವೆಂದು ತೋರಬಹುದು. ಗುಂತಕಲ್ಲಿನಿಂದ ಪುಣೆಯವರೆಗೆ ಬರಿಯ ಹಲಗೆಯ ಮೇಲೆ ಮಗ್ಗುಲು ಬದಲಾಯಿಸಿದವರನ್ನು ಕೇಳಿದರೆ ಆ ಅಳತೆಯ ಬೆಲೆ ತಿಳಿಯುತ್ತದೆ. ಸ್ವಾತಂತ್ರ್ಯಾನಂತರ ರೈಲಿನಲ್ಲಿ ನಡೆದ ದೊಡ್ಡ ಕೆಲಸ ಯಾವುದೆಂದರೆ ಅನೇಕರು ರಾಜಧಾನಿ ಎಕ್ಸ್‌ಪ್ರೆಸ್ಸಿನ ವೇಗವನ್ನು ಹೇಳುತ್ತಾರೆ. ನಾವು ಈ ಎರಡು ಅಂಗುಲವನ್ನು ಹೇಳುತ್ತೇವೆ.

ಅಂದಿನಿಂದ ಸುರುಳಿ ಸಣ್ಣದಾಗುತ್ತ ಬಂದಿತು. ತಂಪುಗಾಡಿಗಳಲ್ಲಿ ಈಗ ಹೊದಿಕೆಯನ್ನು ರೈಲಿನವರೇ ಕೊಡುತ್ತಾರೆ. ಉಳಿದ ಗಾಡಿಗಳಲ್ಲಿ ಹೋಗುವವರು ಒಂದು ದುಪ್ಪಟಿಯನ್ನೂ ಒಂದು ಹೊದಿಕೆಯನ್ನೂ ಬಿಡಬಾರದು. ಬೇಸಗೆಯಲ್ಲಿಯೂ ಬಯಲುಸೀಮೆಯ ಗಾಳಿ ಬೆಳಗಿನ ಜಾವಕ್ಕೆ ಮೈ ಕೊರೆಯುತ್ತದೆ. ಸ್ಥಳವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಗಾಡಿಯ ನಡುವಣ ಹಲಗೆಯನ್ನು ಕೇಳುವುದು ಮೇಲು. ಗಾಲಿಗಳ ಕಟ್ಟು ಇರುವುದು ಗಾಡಿಯ ಎರಡು ತುದಿಗಳ ಕೆಳಗೆ. ಕುಲುಕಾಟವೂ ಬಾಗಿಲ ಬಡಿತವೂ ಅಲ್ಲಿ ಹೆಚ್ಚು. ಇಂಜಿನ್ನು ಕಲ್ಲಿದ್ದಲನ್ನು ಉರಿಸುತ್ತಿದ್ದ ಕಾಲದಲ್ಲಿ ಬಲ್ಲವರು ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು, ಕಣ್ಣಿಗೆ ಕಿಡಿ ಬೀಳಬಾರದೆಂದು. ಈಗ ಆ ಭಯವಿಲ್ಲ. ಬಿಸಿಲಿನ ಲೆಕ್ಕವೊಂದು ಉಳಿದಿದೆ. ಉತ್ತರಕ್ಕೆ ಹೋಗುವ ಬಂಡಿಯಲ್ಲಿ ಮಧ್ಯಾಹ್ನದ ಮೇಲೆ ಬಲಗಡೆಯ ಕಿಟಕಿಯೂ ದಕ್ಷಿಣಕ್ಕೆ ಬರುವಾಗ ಎಡಗಡೆಯದೂ ನೆರಳಿನ ಕಡೆ.

ಸುರುಳಿ ಹೊತ್ತವರಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷ ಕಷ್ಟವಿದ್ದಿತು. ಮೊದಲಿನ ಕಂಬಿಗಳು ಐದೂವರೆ ಅಡಿ ಅಗಲದವು. ಖರ್ಚು ಕಡಮೆಯಾಗಲೆಂದು 1870ರಲ್ಲಿ ಲಾರ್ಡ್ ಮೇಯೋ ಅವರ ಕಾಲದಲ್ಲಿ ಮೀಟರುಗೇಜನ್ನು ಒಪ್ಪಿದರು. ಮೈಸೂರು ಸಂಸ್ಥಾನದ ಕಂಬಿಗಳು ಬಹುಮಟ್ಟಿಗೆ ಈ ಕಿರಿಯ ಅಳತೆಯವು. 1890ರ ದಶಕದ ಮೊದಲಿಗೆ ಬೆಂಗಳೂರಿನಿಂದ ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮೀರಜುಗಳ ಮೇಲೆ ಪುಣೆಯವರೆಗೆ ಒಂದೇ ಮೀಟರುಗೇಜು ದಾರಿಯಾಯಿತು. ಪುಣೆಯಲ್ಲಿ ಇಳಿದು ಬೊಂಬಾಯಿಯ ದೊಡ್ಡ ಬಂಡಿಯನ್ನು ಹತ್ತಬೇಕು. ಇನ್ನೊಂದು ದಾರಿಯಲ್ಲಿ ಹೋದರೆ ಅದೇ ಕೆಲಸ ಗುಂತಕಲ್ಲಿನಲ್ಲಿ. ನಡುರಾತ್ರಿಯಲ್ಲಿ ಮಕ್ಕಳನ್ನು ಎಬ್ಬಿಸಿ, ಗಂಟುಗಳನ್ನು ಎಣಿಸಿ, ಕೂಲಿಯವನ ಕೆಂಪು ರುಮಾಲನ್ನೇ ನೋಡುತ್ತ ಓಡುವುದೆಂದರೆ ಹೆಂಗಸರಿಗೆ ಮುದುಕರಿಗೆ ಎಂತಹ ಪ್ರಯಾಸವಾಗಿರಬೇಕು! ಗಂಟುಗಳನ್ನು ಎಣಿಸಿ ನೆನಪಿಡುವ ನಮ್ಮ ಮನೆಗಳ ಪದ್ಧತಿ ಇಂತಹ ಬದಲಾವಣೆಗಳಲ್ಲಿಯೇ ಬಲವಾಯಿತೆಂದು ನಮ್ಮ ಊಹೆ. 1990ರ ದಶಕದಲ್ಲಿ ಬೆಂಗಳೂರಿನಿಂದ ಮೈಸೂರಿಗೂ ಹುಬ್ಬಳ್ಳಿಗೂ ಹೋಗುವ ಕಂಬಿಗಳು ಅಗಲವಾದುವು; ಆ ನಡುರಾತ್ರಿಯ ಓಟ ನಿಂತಿತು. ಎಣಿಕೆಯನ್ನು ಮಾತ್ರ ಬಿಡಬೇಡಿ. ಎಷ್ಟು ಗಂಟು ಹತ್ತಿದುವೋ ಅಷ್ಟೇ ಇಳಿಯಬೇಕಾದರೆ ಮೂರಕ್ಕೆ ಮೇಲೆ ಇರಬಾರದು.

ಹಾಸಿಗೆಯಿಲ್ಲದೆ ರಾತ್ರಿ ಕಳೆಯಬಹುದು; ನೀರಿಲ್ಲದೆ ಹಗಲು ಕಳೆಯಲಾಗುವುದಿಲ್ಲ. ಕೂಜವು ಗಂಟಿನ ಎರಡನೆಯ ಅಂಗ. ಕತ್ತಿಗೆ ದಾರ ಕಟ್ಟಿದ ಮಣ್ಣಿನ ಕೂಜವೋ, ತಿರುಪಿನ ಮುಚ್ಚಳದ ಹಿತ್ತಾಳೆಯ ಕೂಜವೋ ಇಲ್ಲದೆ ಯಾರೂ ಹೊರಡುತ್ತಿರಲಿಲ್ಲ. ಬರಿಯ ಬಾಯಾರಿಕೆಯಷ್ಟೇ ಇದಕ್ಕೆ ಕಾರಣವಾಗಿದ್ದರೆ ನಾವು ಇಷ್ಟಕ್ಕೆ ಮುಗಿಸಿಬಿಡಬಹುದಾಗಿತ್ತು. ಬಹುಕಾಲ ನಮ್ಮ ನಿಲ್ದಾಣಗಳಲ್ಲಿ ಹಿಂದುಗಳಿಗೆ ಒಂದು ನೀರು, ಮುಸಲ್ಮಾನರಿಗೆ ಒಂದು ನೀರು. ಊಟದ ಕೋಣೆಗಳಲ್ಲಿಯೂ ಹಾಗೆಯೇ ಪಂಕ್ತಿಭೇದ. ಈ ಎರಡು ನೀರುಗಳ ಹೊರಗೆ ನಿಲ್ಲಿಸಲ್ಪಟ್ಟವರ ಪಾಡೇನು?

ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನಿಂದ ಪುಣೆಗೆ ಹೋಗುವ ದಾರಿಯಲ್ಲಿಯೇ, ಮೀರಜನ್ನು ದಾಟಿದ ಮೇಲೆ, ಮಸೂರು ಎಂಬ ಸಣ್ಣ ನಿಲ್ದಾಣವುಂಟು. 1901ರಲ್ಲಿ ಅಲ್ಲಿ ನಾಲ್ವರು ಹುಡುಗರು ಬಂಡಿಯಿಂದ ಇಳಿದರು. ಅವರಲ್ಲಿ ಒಬ್ಬನು ಒಂಬತ್ತು ವರ್ಷದ ಭೀಮರಾವ್, ಮುಂದೆ ಡಾಕ್ಟರ್ ಅಂಬೇಡ್ಕರ್. ಗೋರೆಗಾಂವಿನಲ್ಲಿ ಕೆಲಸದ ಮೇಲಿದ್ದ ತಂದೆಯನ್ನು ನೋಡುವುದಕ್ಕೆ ಹೊಸ ಬಟ್ಟೆ ತೊಟ್ಟು, ರೈಲನ್ನು ಮೊದಲ ಸಲ ಹತ್ತುವ ಸಂಭ್ರಮದಿಂದ ಅವರು ಹೊರಟಿದ್ದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಾತನಾಡಿಸಲು ಬಂದ ಸ್ಟೇಷನ್ ಮಾಸ್ತರರು ಹುಡುಗರ ಜಾತಿ ತಿಳಿದೊಡನೆ ಹಿಂದಕ್ಕೆ ಸರಿದರು. ಗಾಡಿಯವರು ಹೊಡೆಯಲು ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು ಹುಡುಗರೇ ಎತ್ತುಗಳನ್ನು ಹೊಡೆದುಕೊಂಡು, ಗಾಡಿಯವನು ಜೊತೆಯಲ್ಲಿ ನಡೆದುಕೊಂಡು ಬರುವುದೆಂದು ನಿಶ್ಚಯವಾಯಿತು. ಕೈಯಲ್ಲಿ ಬೇಕಾದಷ್ಟು ಬುತ್ತಿಯಿದ್ದಿತು. ರಾತ್ರಿಯೆಲ್ಲ ಅವರಿಗೆ ಕುಡಿಯುವ ನೀರು ಕೊಡುವವರು ಸಿಕ್ಕಲಿಲ್ಲ. ನೀರಿಲ್ಲದೆ ಬುತ್ತಿ ಹಾಗೆಯೇ ಉಳಿಯಿತು. ಎಷ್ಟೋ ವರ್ಷಗಳ ಮೇಲೆ ಅವರು ಇದನ್ನು ತಾವೇ ಬರೆದಿಟ್ಟರು. ರೈಲು ಎಲ್ಲರನ್ನೂ ಒಂದೇ ಹಲಗೆಯ ಮೇಲೆ ಕೂರಿಸಿ ಜಾತಿಯ ಕಟ್ಟನ್ನು ಸಡಿಲಿಸಿತೆಂದು ಚರಿತ್ರಕಾರರು ಹೇಳುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸಡಿಲಿಸಿದುದು ಗಾಡಿಯ ಒಳಗೆ, ಬಂಡಿ ಓಡುತ್ತಿರುವಷ್ಟು ಹೊತ್ತು. ಇಳಿದ ಕೂಡಲೇ ಊರು ತನ್ನ ಹಳೆಯ ಲೆಕ್ಕವನ್ನು ಒಪ್ಪಿಸುತ್ತಿದ್ದಿತು. ಸ್ವಾತಂತ್ರ್ಯ ಬಂದ ಮೇಲೆ, 1950ರ ಸಂವಿಧಾನದ ಬಲದಿಂದ, ನಿಲ್ದಾಣದ ನಲ್ಲಿ ಎಲ್ಲರ ನಲ್ಲಿಯಾಯಿತು. ಇಂದು ಹತ್ತಾರು ಕೈಗಳು ಒಂದೇ ನಲ್ಲಿಯ ಕೆಳಗೆ ಸೀಸೆ ಹಿಡಿದು ನೂಕಾಡುವುದನ್ನು ಕಂಡು ಕೆಲವರು ಬೇಸರಪಡುತ್ತಾರೆ. ನಮಗೆ ಅದು ನೋಡತಕ್ಕ ನೋಟ.

ಜಲಬಾಧೆಯ ವಿಚಾರವನ್ನು ಸಭ್ಯ ಶ್ರೋತೃಗಳ ಮುಂದೆ ಚಿಕ್ಕದಾಗಿಯೇ ಹೇಳಬೇಕು. ಮೂರನೆಯ ದರ್ಜೆಯ ಗಾಡಿಗಳಲ್ಲಿ ಮೊದಮೊದಲು ಪಾಯಿಖಾನೆ ಇರಲಿಲ್ಲ. ಬಂಡಿ ನಿಂತಾಗ ಇಳಿದು ಓಡಬೇಕು, ಗಾರ್ಡಿನ ಸೀಟಿಗೆ ಮುಂಚೆ ಓಡಿ ಬರಬೇಕು. 1909ರಲ್ಲಿ ಬಂಗಾಳದ ಓಖಿಲ್ ಚಂದ್ರ ಸೇನ್ ಎಂಬವರು ಅಹಮದ್‌ಪುರದ ನಿಲ್ದಾಣದಲ್ಲಿ ಹೀಗೆ ಬಂಡಿಯನ್ನು ತಪ್ಪಿಸಿಕೊಂಡು, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಪಂಚೆಯ ಸೆರಗು ಹಿಡಿದು ಓಡುವಾಗ ಎಲ್ಲರೆದುರಿಗೆ ಬಿದ್ದುದನ್ನು ತಮ್ಮದೇ ಆದ ಇಂಗ್ಲಿಷಿನಲ್ಲಿ ಬರೆದು ರೈಲಿನವರಿಗೆ ದೂರು ಕೊಟ್ಟರು. ಆ ಕಾಗದ ದೆಹಲಿಯ ರೈಲು ವಸ್ತುಸಂಗ್ರಹಾಲಯದ ಮೂಲಕ ಪ್ರಸಿದ್ಧವಾಗಿದೆ. ಅದರಿಂದಲೇ ಗಾಡಿಗಳಿಗೆ ಪಾಯಿಖಾನೆ ಬಂದಿತೆಂಬ ಪ್ರತೀತಿಯುಂಟು. ಒಂದೇ ಕಾಗದಕ್ಕೆ ಅಷ್ಟು ಬೇಗ ಕರಗುವ ಕಚೇರಿಯನ್ನು ನಾವು ಕಂಡಿಲ್ಲವಾದುದರಿಂದ ಪೂರ್ತಿಯಾಗಿ ನಂಬಲಾರೆವು. ಅದೇ ಬಗೆಯ ಅವಮಾನವನ್ನು ಬರೆಯಲಾರದೆ ನುಂಗಿಕೊಂಡವರು, ಅವರಲ್ಲಿಯೂ ಹೆಂಗಸರು, ಎಷ್ಟು ಮಂದಿಯೋ! ಅವರ ಪರವಾಗಿಯೂ ಈ ಕಾಗದ ಮಾತನಾಡಿತೆಂಬುದರಲ್ಲಿ ಸಂದೇಹವಿಲ್ಲ.

ಬುತ್ತಿಯ ವಿಚಾರಕ್ಕೆ ಬಂದರೆ ಮನಸ್ಸು ಹಗುರವಾಗುತ್ತದೆ. ದೂರದ ಪಯಣದಲ್ಲಿ ಸುಖವೆಂಬುದೇನಾದರೂ ಇದ್ದರೆ ಅದರಲ್ಲಿ ಅರ್ಧ ಬುತ್ತಿಯದು. ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದಿರಲಿಲ್ಲ. ಆದರೆ ಅನ್ನವನ್ನು ಕೆಡಿಸುವುದು ನೀರು, ಉಳಿಸುವುದು ಹುಳಿ, ಎಣ್ಣೆ, ಉಪ್ಪು ಎಂಬುದನ್ನು ಚೆನ್ನಾಗಿ ಬಲ್ಲರು. ಹುಣಿಸೆಯ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಆರಿದ ಅನ್ನಕ್ಕೆ ಕಲಸಿದ ಪುಳಿಯೋಗರೆ ಮರುದಿನಕ್ಕೆ ಇನ್ನೂ ರುಚಿ. ಮೊಸರನ್ನವನ್ನು ಕಟ್ಟುವವರು ಮೊಸರಿಗಿಂತ ಹಾಲನ್ನು ಹೆಚ್ಚಾಗಿ ಹಾಕಿ ಹೊರಡುತ್ತಿದ್ದರು. ದಾರಿಯಲ್ಲಿ ಹೆಪ್ಪುಗಟ್ಟಿ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಹದವಾಗುತ್ತಿದ್ದಿತು. ಎರಡನೆಯ ಹೊತ್ತಿಗೆ ಅದನ್ನು ಇಡಬಾರದು. ಬಡಗಣ ಕನ್ನಡ ನಾಡಿನವರದು ಇನ್ನೂ ಗಟ್ಟಿಯಾದ ಉಪಾಯ: ತೆಳ್ಳಗೆ ಬಡಿದು ಒಣಗಿಸಿದ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಯ ಪುಡಿ. ನೀರಿನ ಅಂಶವೇ ಇಲ್ಲದ ಆ ರೊಟ್ಟಿ ಕಾಶಿಗೆ ಹೋಗಿ ಬಂದರೂ ಕೆಡುವುದಿಲ್ಲ. ಇದಕ್ಕೆ ಚಕ್ಕುಲಿ, ಕೋಡುಬಳೆ, ಒಗ್ಗರಣೆಯ ಅವಲಕ್ಕಿಗಳನ್ನು ಸೇರಿಸಿದರೆ ಎರಡು ರಾತ್ರಿಗಳ ಚಿಂತೆ ತೀರಿತು. ಬುತ್ತಿಯನ್ನು ಯಾವಾಗಲೂ ಒಬ್ಬರಿಗೆ ಹೆಚ್ಚಾಗುವಂತೆ ಕಟ್ಟಬೇಕು. ಎದುರು ಹಲಗೆಯವರ ಮುಂದೆ ಒಬ್ಬರೇ ಉಣ್ಣುವುದು ನಮ್ಮವರಿಗೆ ಗಂಟಲಿನಲ್ಲಿ ಇಳಿಯುವುದಿಲ್ಲ. ಅಪರಿಚಿತರಿಂದ ತಿಂಡಿಯನ್ನು ತೆಗೆದುಕೊಳ್ಳಬೇಡಿರೆಂದು ಈಗ ರೈಲಿನವರು ಎಚ್ಚರಿಸುತ್ತಾರೆ. ಕಾಲ ಹಾಗಿದೆ, ಎಚ್ಚರಿಕೆಯನ್ನು ಪಾಲಿಸಬೇಕು. ಕೊಡುವುದಕ್ಕಂತೂ ಅಡ್ಡಿಯಿಲ್ಲ.

ಮನೆಯ ಬುತ್ತಿ ತೀರಿದವರನ್ನು ಕಾಯುತ್ತಿದ್ದುದು ನಿಲ್ದಾಣಗಳ ತಿಂಡಿ. ಈ ತಿಂಡಿಗಳನ್ನು ನಮಗೆ ಕೊಟ್ಟದ್ದು ಇಂಜಿನ್ನಿನ ಬಾಯಾರಿಕೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಉಗಿಯಿಂದ ಓಡುವ ಇಂಜಿನ್ನಿಗೆ ಕಲ್ಲಿದ್ದಲಿಗಿಂತ ಬೇಗ ತೀರುವುದು ನೀರು. ಆದುದರಿಂದ ದಾರಿಯುದ್ದಕ್ಕೂ ನಿಲ್ದಾಣಗಳಲ್ಲಿ ಎತ್ತರದ ತೊಟ್ಟಿಯನ್ನೂ ಆನೆಯ ಸೊಂಡಿಲಿನಂತೆ ಬಾಗಿದ ಕೊಳವೆಯನ್ನೂ ನಿಲ್ಲಿಸಿದ್ದರು. ಬಂಡಿ ಅಲ್ಲಿ ನಿಂತು ನೀರು ಕುಡಿಯುವಷ್ಟು ಹೊತ್ತು ಪಯಣಿಗನಿಗೂ ವಿರಾಮ. ಆ ವಿರಾಮದಲ್ಲಿ ಒಲೆ ಹೊತ್ತಿತು, ಬುಟ್ಟಿಗಳು ಬಂದುವು, ಒಂದೊಂದು ಊರು ಒಂದೊಂದು ತಿಂಡಿಗೆ ಹೆಸರಾಯಿತು. ಬೆಂಗಳೂರು ಮೈಸೂರುಗಳ ನಡುವಣ ಮದ್ದೂರಿನ ವಡೆಯನ್ನೇ ನೋಡಿ. 1917ರಲ್ಲಿ ಆ ನಿಲ್ದಾಣದ ತಿಂಡಿಯ ಅಂಗಡಿಯಲ್ಲಿ ಅದು ಹುಟ್ಟಿತೆಂದು ಹೇಳುತ್ತಾರೆ. ರವೆ, ಮೈದ, ಅಕ್ಕಿಯ ಹಿಟ್ಟುಗಳಿಗೆ ಈರುಳ್ಳಿಯನ್ನು ಕಲಸಿ, ಅಂಗೈಯಲ್ಲಿ ತಟ್ಟಿ ಕರಿದ ಈ ವಡೆಗೆ ಉದ್ದನ್ನು ನೆನೆಸಿ ರುಬ್ಬಿ ಕಾಯುವ ತಾಪತ್ರಯವಿಲ್ಲ. ಬಂಡಿಯ ಕೂಗು ಕೇಳಿದ ಮೇಲೆ ತಟ್ಟಿದರೂ ನಡೆದೀತು. ತೆಳ್ಳಗಿರುವುದರಿಂದ ಎಲೆಯಲ್ಲಿ ಸುತ್ತಲು ಸುಲಭ, ಸಾರು ಸಾಂಬಾರುಗಳ ಹಂಗಿಲ್ಲ, ಸಂಜೆಯವರೆಗೂ ಗರಿಗರಿ. ರೈಲಿಗೆಂದೇ ಹುಟ್ಟಿದ ತಿಂಡಿ ಹೇಗಿರಬೇಕೆಂಬುದಕ್ಕೆ ಇದು ಲಕ್ಷಣ. ಪುಣೆಯ ದಾರಿಯಲ್ಲಿ ಧಾರವಾಡದ ಫೇಡೆಯೂ ಬೆಳಗಾವಿಯ ಕುಂದವೂ ಇದೇ ಜಾತಿಯವು. ಹಾಲನ್ನು ಕಾಯಿಸಿ ಕಾಯಿಸಿ ನೀರನ್ನು ಓಡಿಸಿ ಮಾಡಿದ ಸಿಹಿಗಳಾದುದರಿಂದ ಊರು ಸೇರುವವರೆಗೆ ಕೆಡುವುದಿಲ್ಲ. ಕೆಡುವುದಕ್ಕೆ ಮೊದಲು ಮುಗಿದುಹೋಗುವುದೇ ಅವುಗಳಿಗಿರುವ ಅಪಾಯ.

1990ರ ದಶಕದ ಹೊತ್ತಿಗೆ ಉಗಿಯ ಇಂಜಿನ್ನುಗಳು ದಿನದ ಓಡಾಟದಿಂದ ಮರೆಯಾದುವು. ಡೀಸಲ್ಲಿಗೂ ವಿದ್ಯುತ್ತಿಗೂ ಬಾಯಾರಿಕೆಯಿಲ್ಲ. ನಿಲುಗಡೆ ಎರಡು ನಿಮಿಷವಾಯಿತು. ಅಡಿಗೆಯ ಗಾಡಿ ಬಂಡಿಯೊಳಗೇ ಬಂದಿತು. ದೇಶಕ್ಕೆಲ್ಲ ಒಂದೇ ರುಚಿಯ ಅನ್ನ ಒಂದೇ ಆಕಾರದ ತಟ್ಟೆಯಲ್ಲಿ ಬರುವುದನ್ನು ಕಂಡಾಗ, ವೇಗಕ್ಕೆ ನಾವು ಕೊಟ್ಟ ಬೆಲೆ ಹೆಚ್ಚಾಯಿತೆಂದು ನಮಗೆ ಅನ್ನಿಸದಿರುವುದಿಲ್ಲ. ಎರಡು ನಿಮಿಷದಲ್ಲಿ ಬುಟ್ಟಿ ಹೊತ್ತು ಹತ್ತಿ, ಮುಂದಿನ ನಿಲ್ದಾಣದಲ್ಲಿ ಇಳಿಯುವ ವಡೆಯವನು ಇನ್ನೂ ಇದ್ದಾನೆ. ಅವನಿಗಾಗಿ ಚಿ‌ಲ್ಲರೆಯನ್ನು ಮೇಲಿನ ಜೇಬಿನಲ್ಲಿಯೇ ಇಟ್ಟುಕೊಂಡಿರಬೇಕು.

ಗಂಟಿನಲ್ಲಿ ಇನ್ನು ಉಳಿದಿರುವುದು ಒಂದು ಪುಸ್ತಕ. 1877ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದ ವೀಲರ್ ಕಂಪೆನಿಯವರು ಉತ್ತರದ ನಿಲ್ದಾಣಗಳಲ್ಲಿ ಪುಸ್ತಕದ ಮಳಿಗೆಗಳನ್ನು ಇಟ್ಟರು. ದಕ್ಷಿಣದಲ್ಲಿ ಮದರಾಸಿನ ಹಿಗ್ಗಿನ್‌ಬಾಥಮ್ಸ್ ಅವರು. 1888ರಲ್ಲಿ ವೀಲರ್ ಅವರು ರೈಲಿನಲ್ಲಿ ಓದುವುದಕ್ಕೆಂದೇ ಒಂದು ರೂಪಾಯಿ ಬೆಲೆಯ ಕಥೆಯ ಪುಸ್ತಕಗಳ ಮಾಲೆಯೊಂದನ್ನು ಹೊರತಂದರು. ಆಗ ಇಪ್ಪತ್ತೆರಡು ವರ್ಷದ ಕಿಪ್ಲಿಂಗನ ಹೆಸರು ಹಬ್ಬಿದ್ದು ಆ ಮಾಲೆಯಿಂದಲೇ. ಒಂದು ಪುಸ್ತಕವನ್ನು ಒಯ್ಯಬೇಕು, ಎರಡನ್ನು ಒಯ್ಯಬಾರದು. ದೂರದ ಪಯಣದಲ್ಲಿ ಎರಡನೆಯ ಪುಸ್ತಕವನ್ನು ತೆರೆದವರನ್ನು ನಾವು ಬಹಳ ಕಂಡಿಲ್ಲ. ಅಷ್ಟು ಹೊತ್ತಿಗೆ ಎದುರು ಹಲಗೆಯವರ ಮಗಳ ಮದುವೆಯ ವಿಚಾರ ಅರ್ಧಕ್ಕೆ ಬಂದಿರುತ್ತದೆ, ಇಲ್ಲವೆ ಕಿಟಕಿಯ ಹೊರಗೆ ನೋಡತಕ್ಕದ್ದು ಏನಾದರೂ ಬಂದಿರುತ್ತದೆ. ರಾಯಚೂರಿನ ಬಡಗಲಿಗೆ ಕೃಷ್ಣೆಯ ಸೇತುವೆ ಬರುತ್ತದೆ. ನೀರಿಗಿಂತ ಬಂಡೆಗಳೇ ಹೆಚ್ಚಾಗಿ ಕಾಣುವ ಬೇಸಗೆಯಲ್ಲಿಯೂ ಗಾಡಿಯಲ್ಲಿರುವ ಮುದುಕಿಯರು ಕಾಸನ್ನು ಎಸೆದು ಕೈಮುಗಿಯುತ್ತಾರೆ. ಲೋಂಡಾದಿಂದ ಗೋವೆಯ ಕಡೆಗೆ ತಿರುಗಿದರೆ ಕ್ಯಾಸಲ್‌ರಾಕ್ ಆದ ಮೇಲೆ ಘಟ್ಟ ಇಳಿಯುತ್ತದೆ. ಅಲ್ಲಿ ದೂಧಸಾಗರದ ಜಲಪಾತದ ಎದುರಿಗೇ, ಹಾರಿದ ತುಂತುರು ಗಾಡಿಯೊಳಕ್ಕೆ ಬರುವಷ್ಟು ಹತ್ತಿರದಲ್ಲಿ, ಕಂಬಿ ಹಾದುಹೋಗುತ್ತದೆ. ಮುಂಗಾರಿನಲ್ಲಿ ಆ ದಾರಿಯಲ್ಲಿ ಹೋಗುವವರು ಕಿಟಕಿಯನ್ನು ಮುಚ್ಚಬಾರದು. ಪುಸ್ತಕವನ್ನು ಹಾಸಿಗೆಯ ಸುರುಳಿಯೊಳಗೆ ಸೇರಿಸಿ, ಒಣಗಿದ ಟವಲೊಂದನ್ನು ಕೈಗೆ ಸಿಕ್ಕುವಂತೆ ಇಟ್ಟುಕೊಂಡರೆ ಸಾಕು.